ಆರ್‌ಸಿ ಇಲ್ಲದ ಹಳೇ ಟ್ರ್ಯಾಲಿಗೆ ಕಾಗದ ಮಾಡಿಸಿದ ಕಥೆ

ನೀವು ಕೇಳಿದ್ದು ಇಷ್ಟು: ಗಂಗಾವತಿ ಹತ್ತಿರದ ಊರು, ತೀರಿಕೊಂಡ ಅಪ್ಪನ ಕಾಲದ ಟ್ರ್ಯಾಕ್ಟರ್ ಟ್ರ್ಯಾಲಿ, ಆರ್‌ಸಿ ಇಲ್ಲ, ನಂಬರ್ ಅಳಿಸಿದೆ, ಚಾಸಿ ನಂಬರ್ ಎಲ್ಲಿದೆ ಗೊತ್ತಿಲ್ಲ. ಹೊಸದಾಗಿ ರಿಜಿಸ್ಟರ್ ಮಾಡಿಸೋದು ಹೇಗೆ?

ಮಾಡಿಸಬೇಡಿ. ಅಂದರೆ, "ಹೊಸದಾಗಿ" ಮಾಡಿಸಬೇಡಿ. ಮೊದಲು ಅದು ಯಾವತ್ತಾದರೂ ರಿಜಿಸ್ಟರ್ ಆಗಿತ್ತಾ ಅಂತ ಪತ್ತೆ ಮಾಡಿ. ನಾವು ಇದನ್ನು ಮಾಡದೆ ಎರಡು ತಿಂಗಳು ಸುಮ್ನೆ ಓಡಾಡಿದೆವು.

ನಮ್ಮದು ಕಾರಟಗಿ. ದೊಡ್ಡಪ್ಪ 1995ರಲ್ಲಿ ಸಾಲ ಮಾಡಿ ಟ್ರ್ಯಾಕ್ಟರ್, ಟ್ರ್ಯಾಲಿ ಎರಡನ್ನೂ ಒಟ್ಟಿಗೇ ತಂದಿದ್ದರು. ಟ್ರ್ಯಾಕ್ಟರ್ ಆರ್‌ಸಿ ಟ್ರಂಕಿನಲ್ಲಿ ಭದ್ರವಾಗಿತ್ತು, ಟ್ರ್ಯಾಲಿದು ಮಾತ್ರ ಇಲ್ಲ. ಏಜೆಂಟ್ ಒಬ್ಬ ಹೊಸ ರಿಜಿಸ್ಟ್ರೇಷನ್ ಮಾಡಿಸಿಬಿಡೋಣ ಅಂದ. ಅದಕ್ಕೆ ಫಾರಂ 20 ಜೊತೆ ಮಾರಿದವರು ಕೊಡುವ ಫಾರಂ 21, ತಯಾರಿಸಿದವರು ಕೊಡುವ ಫಾರಂ 22 ಬೇಕು. ಟ್ರ್ಯಾಲಿ ಮಾಡಿಕೊಟ್ಟ ವೆಲ್ಡಿಂಗ್ ಶಾಪ್ ಮುಚ್ಚಿ ಎಷ್ಟೋ ವರ್ಷ ಆಗಿದೆ. ಎಲ್ಲಿಂದ ತರೋದು?

ದಾರಿ ಸಿಕ್ಕಿದ್ದು ಟ್ರ್ಯಾಕ್ಟರ್ ಆರ್‌ಸಿಯಿಂದಲೇ. ಎರಡನ್ನೂ ಒಂದೇ ದಿನ ರಿಜಿಸ್ಟರ್ ಮಾಡಿಸಿದ್ದರೆ ನಂಬರ್ ಸಾಮಾನ್ಯವಾಗಿ ಹಿಂದೆಮುಂದೆ ಇರುತ್ತದೆ. ಟ್ರ್ಯಾಕ್ಟರ್ ನಂಬರಿನ ಕೊನೆಯಲ್ಲಿ 40 ಇದ್ದರೆ ಟ್ರ್ಯಾಲಿದು 41. ಪೇಪರಿನಲ್ಲಿ ಅಪಘಾತದ ಸುದ್ದಿ ಓದುವಾಗ ಎರಡು ನಂಬರ್ ಜೋಡಿಯಾಗಿ ಬಂದಿರೋದನ್ನು ನೀವೂ ನೋಡಿರಬಹುದು. ಹಾಗಾಗಿ ನಿಮ್ಮ ಟ್ರ್ಯಾಕ್ಟರ್ ನಂಬರಿನ ಮುಂದಿನದ್ದು, ಹಿಂದಿನದ್ದು ಎರಡನ್ನೂ ವಿಚಾರಿಸಿ. ಸಾಲ ಇತ್ತಾದರೆ ಬ್ಯಾಂಕಿನ ಹಳೇ ಫೈಲಿನಲ್ಲಿ, ಇಲ್ಲವೇ ಹಳೇ ಇನ್ಶೂರೆನ್ಸ್ ಪಾಲಿಸಿಯಲ್ಲೂ ನಂಬರ್ ಇರಬಹುದು.

ಇಲ್ಲೊಂದು ವಿಷಯ ಬಹಳ ಜನಕ್ಕೆ ಹೊಳೆಯೋದಿಲ್ಲ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಮೊದಲು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ರಾಯಚೂರು ಜಿಲ್ಲೆ. ನಿಮ್ಮ ಟ್ರ್ಯಾಲಿ ಅದಕ್ಕೂ ಹಳೆಯದಾದರೆ ಅದರ ನಂಬರ್ ಕೊಪ್ಪಳದ ಕೆಎ-37 ಅಲ್ಲ, ರಾಯಚೂರಿನ ಕೆಎ-36 ಇರುವ ಸಾಧ್ಯತೆ ಜಾಸ್ತಿ. ನಾವು ಮೊದಲು ಹುಡುಕಿದ್ದೇ ತಪ್ಪು ಜಿಲ್ಲೆಯಲ್ಲಿ! ಇನ್ನೊಂದು, ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದಾಗ ದಾಖಲೆ ಸಿಗಲಿಲ್ಲ ಅಂದ ಮಾತ್ರಕ್ಕೆ ಗಾಬರಿ ಬೇಡ. ಆಗಿನ ದಾಖಲೆ ಆರ್‌ಟಿಒ ಕಚೇರಿಯ ದಪ್ಪ ಪುಸ್ತಕದಲ್ಲಿ ಇರುತ್ತದೆ. "ಬಿ ಎಕ್ಸ್‌ಟ್ರಾಕ್ಟ್ ಬೇಕು" ಅಂತ ಅರ್ಜಿ ಕೊಡಿ, ಆ ಪುಸ್ತಕದ ನಕಲು ಅದು. ಅದರ ಮೇಲೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿದರೆ ಕಂಪ್ಯೂಟರಿಗೆ ಬರುತ್ತದೆ.

ಈಗ ಚಾಸಿ ನಂಬರ್. ಪುಸ್ತಕದಲ್ಲಿರೋದು, ಕಬ್ಬಿಣದ ಮೇಲಿರೋದು ಎರಡೂ ತಾಳೆ ಆಗಬೇಕು. ಟ್ರ್ಯಾಲಿಗೆ ಎಂಜಿನ್ ಇಲ್ಲವಲ್ಲ, ಗುರುತು ಅಂತ ಇರೋದೇ ಇದೊಂದು. ನಮ್ಮದರಲ್ಲಿ ಸಿಕ್ಕಿದ್ದು ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮುಂದಿನ ಮೂತಿಯ ಚಾನೆಲ್ ಮೇಲೆ, ಬಲಗಡೆ. ಸುಲಭಕ್ಕೆ ಕಾಣಲಿಲ್ಲ. ಮೇಲೆ ನೀಲಿ ಬಣ್ಣ, ಅದರ ಕೆಳಗೆ ಕೆಂಪು, ಅದರ ಕೆಳಗೆ ಇನ್ನೊಂದು ನೀಲಿ. ಪ್ರತಿ ದಸರಾಕ್ಕೆ ಬಣ್ಣ ಹೊಡೆಸಿದ್ದರ ಫಲ. ತಮ್ಮ ಗ್ರೈಂಡರ್ ತಂದ, ನಾನು ಬೇಡ ಅಂದೆ. ಗ್ರೈಂಡರ್ ಹಿಡಿದರೆ ಬಣ್ಣದ ಜೊತೆ ನಂಬರೂ ಹೋಗುತ್ತದೆ. ಥಿನ್ನರಿನಲ್ಲಿ ಬಟ್ಟೆ ಅದ್ದಿ, ಹತ್ತು ನಿಮಿಷ ಒತ್ತಿ ಹಿಡಿದು, ಮೆಲ್ಲಗೆ ಉಜ್ಜಿದೆವು. ಕೊನೆಗೆ ಸೀಮೆಸುಣ್ಣ ತಿಕ್ಕಿದಾಗ ಅಂಕಿಗಳ ಗುಳಿಯಲ್ಲಿ ಬಿಳಿ ಕೂತಿತು. ಒಂದು ಅಂಕಿ 3 ಇದೆಯೋ 8 ಇದೆಯೋ ಅಂತ ಮನೆಯವರೆಲ್ಲ ಬಗ್ಗಿ ನೋಡಿದ್ದೇ ನೋಡಿದ್ದು. ಬಿ ಎಕ್ಸ್‌ಟ್ರಾಕ್ಟ್ ಬಂದ ಮೇಲೆ ಗೊತ್ತಾಯಿತು, 8. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಕೇಳುತ್ತಾರೆ.

ನಂಬರ್ ಪೂರ್ತಿ ತುಕ್ಕು ಹಿಡಿದು ಹೋಗಿದ್ದರೆ? ನೀವೇ ಪಂಚ್ ಹೊಡೆಸೋಕೆ ಹೋಗಬೇಡಿ. ಕಳ್ಳಮಾಲು ಅನ್ನುವ ಸಂಶಯಕ್ಕೆ ಅಷ್ಟೇ ಸಾಕು. ಆರ್‌ಟಿಒಗೆ ಬರೆದು ಕೊಟ್ಟು, ಅನುಮತಿ ತಗೊಂಡೇ ಹೊಡೆಸಬೇಕು. ಆ ಏಜೆಂಟ್ ನಮಗೆ ಇನ್ನೊಂದು ಉಪಾಯವನ್ನೂ ಹೇಳಿದ್ದ: ಗುಜರಿಗೆ ಹೋದ ಯಾರದೋ ಟ್ರ್ಯಾಲಿಯ ಆರ್‌ಸಿ ಕೊಡಿಸುತ್ತೇನೆ, ಆ ನಂಬರನ್ನೇ ಇದರ ಮೇಲೆ ಹೊಡೆಸಿ ಅಂತ. ದೊಡ್ಡಮ್ಮ ಚಹಾ ಸಹ ಕೊಡದೆ ಕಳಿಸಿದರು.

ದಾಖಲೆ ಸಿಕ್ಕಮೇಲೆ ಉಳಿದದ್ದು ಬರೀ ಕಾಗದದ ಕೆಲಸ. ಆರ್‌ಸಿ ಕಳೆದಿದೆ ಅಂತ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ಡೂಪ್ಲಿಕೇಟಿಗೆ ಫಾರಂ 26. ಅಪ್ಪ ಇಲ್ಲವಾದ್ದರಿಂದ ನಿಮ್ಮ ಹೆಸರಿಗೆ ಮಾಡಿಸೋಕೆ ಫಾರಂ 31, ಮರಣ ಪ್ರಮಾಣ ಪತ್ರ, ವಂಶಾವಳಿ, ಅಣ್ಣತಮ್ಮಂದಿರು ಅಕ್ಕತಂಗಿಯರ ಒಪ್ಪಿಗೆಯ ಅಫಿಡವಿಟ್. ಸಾಲದ ನಮೂದು ಇನ್ನೂ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35. ಸ್ವಂತ ಬೇಸಾಯದ ಟ್ರ್ಯಾಲಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿದಿರುತ್ತದೆ, ಆದ್ದರಿಂದ ಫಾರಂ 25 ಹಾಕಿ ರಿನ್ಯೂವಲ್ಲೂ ಆಗಬೇಕು. ತಡವಾದದ್ದಕ್ಕೆ ಹೆಚ್ಚುವರಿ ಹಣ ಕಟ್ಟಬೇಕಾಗುತ್ತದೆ, ಅದಕ್ಕೆ ತಯಾರಾಗಿಯೇ ಹೋಗಿ.

ಯಾವತ್ತೂ ರಿಜಿಸ್ಟರೇ ಆಗಿಲ್ಲ ಅಂತ ಖಾತ್ರಿಯಾದರೆ ಮಾತು ಬೇರೆ. ನಮ್ಮ ಕಡೆ ಅಂಥ ಟ್ರ್ಯಾಲಿಗಳಿಗೆ ಲೆಕ್ಕವೇ ಇಲ್ಲ. ಮಾಡಿದವರ ಕಾಗದ ಇಲ್ಲದೆ ಅದನ್ನು ಎಬ್ಬಿಸೋದು ಬಹಳ ಕಷ್ಟ. ಒಮ್ಮೆ ಆರ್‌ಟಿಒದಲ್ಲಿ ಗಾಡಿ ತಪಾಸಣೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರನ್ನು ನೇರವಾಗಿ ಕೇಳಿ ನೋಡಿ. ಆಗಲ್ಲ ಅಂದರೆ, ನಾನಾದರೆ ಗುಜರಿಗೆ ಹಾಕಿ, ಫಾರಂ 21, 22 ಕೊಡುವವರ ಹತ್ತಿರ ಹೊಸದು ತಗೊಳ್ಳುತ್ತೇನೆ.

ಇಷ್ಟೆಲ್ಲ ಯಾಕೆ, ಹೊಲಕ್ಕೆ ತಾನೇ ಹೋಗೋದು ಅಂತ ನಮ್ಮ ದೊಡ್ಡಪ್ಪನೂ ಅನ್ನುತ್ತಿದ್ದರು. ರಿಜಿಸ್ಟರ್ ಆಗದ ಗಾಡಿ ರಸ್ತೆಗೆ ತಂದರೆ ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿ ದಂಡ. ಅದು ಹೋಗಲಿ. ಭತ್ತದ ಚೀಲ ಹೇರಿಕೊಂಡು ಹೋಗುವಾಗ ರಾತ್ರಿ ಬೈಕಿನವನೊಬ್ಬ ಹಿಂದಿನಿಂದ ಬಂದು ಗುದ್ದಿದರೆ, ಟ್ರ್ಯಾಲಿ ಪಾಲಿಸಿಯಲ್ಲಿ ಇಲ್ಲ ಅಂತ ಇನ್ಶೂರೆನ್ಸಿನವರು ತಕರಾರು ತೆಗೆಯುತ್ತಾರೆ. ಪರಿಹಾರ ಹೊಲ ಮಾರಿ ಕೊಡಬೇಕಾದೀತು. ಆರ್‌ಸಿ ಕೈಗೆ ಬಂದ ದಿನವೇ ಟ್ರ್ಯಾಲಿಯನ್ನೂ ಪಾಲಿಸಿಗೆ ಸೇರಿಸಿ.

ತಪಾಸಣೆಗೆ ಒಯ್ಯುವ ಮುಂಚೆ ಹಿಂದೆ ಕೆಂಪು ರಿಫ್ಲೆಕ್ಟರ್, ಟೇಲ್ ಲೈಟ್ ಹಾಕಿಸಿ. ನಂಬರ್ ಬರೆಸುವಾಗಲೂ ಹುಷಾರು. ಟ್ರ್ಯಾಲಿಯ ಸ್ವಂತ ನಂಬರ್ ಪಕ್ಕದಲ್ಲಿ ಬರಬೇಕು, ಹಿಂಬದಿಯಲ್ಲಿ ಎಳೆಯುವ ಟ್ರ್ಯಾಕ್ಟರಿನ ನಂಬರ್. ಕಾಯ್ದೆಯಲ್ಲೇ ಹಾಗಿದೆ. ನಮ್ಮ ಪೇಂಟರ್ ಎರಡೂ ಕಡೆ ಟ್ರ್ಯಾಲಿ ನಂಬರನ್ನೇ ಬರೆದಿದ್ದ. ಇನ್ಸ್‌ಪೆಕ್ಟರ್ ಹಿಂದೆ ಹೋಗಿ ನಿಂತು, "ಯಜಮಾನ್ರ, ಇದನ್ನ ಎಳಿಯೋ ಗಾಡಿ ಯಾವುದ್ರಿ?" ಅಂದರು. ಬಣ್ಣದ ಡಬ್ಬಿ ತರಲು ತಮ್ಮ ಪೇಟೆಗೆ ಓಡಿದ.