ಮಿಲ್ಟ್ರಿಯಿಂದ ಬಂದವರು ಒಂಟಿಮನೆಯಲ್ಲಿ ಕುಡಿಯುವುದೇಕೆ?

ಸೇನೆಯಲ್ಲಿ ಶಿಸ್ತಿನಿಂದ ಬದುಕಿದವರು ತೀರ್ಥಹಳ್ಳಿ, ಹೊಸನಗರ, ಸಾಗರದಂಥ ನೆಮ್ಮದಿಯ ಊರುಗಳಿಗೆ ಮರಳಿದ ಮೇಲೆ ಕುಡಿತಕ್ಕೆ ಬೀಳುವುದೇಕೆ, ಬಿದ್ದ ಮೇಲೂ ಆಸ್ಪತ್ರೆಗೆ ಹೋಗಲು ಒಪ್ಪದಿರುವುದೇಕೆ ಎಂದು ನೀವು ಕೇಳಿದ್ದೀರಿ. ಶಿವಮೊಗ್ಗ ಜಿಲ್ಲೆ ಮುಗಿದು ಘಟ್ಟ ಇಳಿಯಲು ತೊಡಗುವ ಗಡಿಯ ಸೀಮೆಯವನಾಗಿ, ಇಲ್ಲಿನ ಮನೆಗಳನ್ನು ಹತ್ತಿರದಿಂದ ಬಲ್ಲವನಾಗಿ ಉತ್ತರಿಸುತ್ತೇನೆ. ಎಲ್ಲ ಮಾಜಿ ಸೈನಿಕರೂ ಕುಡಿಯುವವರಲ್ಲ. ತೋಟ, ಸೊಸೈಟಿ, ಮಕ್ಕಳ ಓದು ಎಂದು ಗೌರವದಿಂದ ಬಾಳುತ್ತಿರುವವರೇ ಹೆಚ್ಚು. ನಾನು ಹೇಳಹೊರಟಿರುವುದು ಉಳಿದವರ ಬಗ್ಗೆ.

ಪಿಂಚಣಿಗೆ ಅಗತ್ಯವಾದ 15 ವರ್ಷದ ಸೇವೆ ಮುಗಿಸಿದ ಸಿಪಾಯಿ ಮೂವತ್ತೈದು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾನೆ. ಅಷ್ಟು ಹೊತ್ತಿಗೆ ತೋಟದ ಯಜಮಾನಿಕೆ ಅಣ್ಣತಮ್ಮಂದಿರ ಕೈಯಲ್ಲಿರುತ್ತದೆ, ಹೆಂಡತಿ ಅವನಿಲ್ಲದೆಯೇ ಸಂಸಾರ ನಡೆಸುವುದನ್ನು ಕಲಿತಿರುತ್ತಾಳೆ, ಮಕ್ಕಳಿಗೆ ಅವನು ರಜೆಯಲ್ಲಿ ಬಂದುಹೋಗುವ ನೆಂಟನಂತೆ ಪರಿಚಿತ. ಬಯಲುಸೀಮೆಯ ಹಳ್ಳಿಯಲ್ಲಾದರೆ ಸಂಜೆ ಕಟ್ಟೆಗೆ ಬಂದು ಕುಳಿತರೆ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ, ಹಳ್ಳ, ತೋಟ. ಹಗಲಿರುಳು ಜೊತೆಗಾರರ ನಡುವೆ ಬ್ಯಾರಕಿನಲ್ಲಿದ್ದವನು ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಜಗಲಿಯಲ್ಲಿ ಒಬ್ಬನೇ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ, 1999ರಲ್ಲಿ ಕಾರ್ಗಿಲ್‌ನಲ್ಲಿ, ಅಥವಾ ಕಾಶ್ಮೀರದ ಕಾರ್ಯಾಚರಣೆಗಳಲ್ಲಿ ಕಂಡದ್ದು ಕೆಲವರಿಗೆ ರಾತ್ರಿ ಕನಸಾಗಿ ಬರುತ್ತದೆ. ತೇರಿನ ದಿನದ ಗರ್ನಾಲಿಗೆ, ಮಂಗ ಓಡಿಸಲು ಪಕ್ಕದ ತೋಟದವರು ಹಾರಿಸಿದ ಈಡಿಗೆ ಬೆಚ್ಚಿಬಿದ್ದು ಒಳಮನೆ ಸೇರುವವನನ್ನು ಊರು ಸಿಡುಕ ಎನ್ನುತ್ತದೆ. ಅದು ಆಘಾತದ ನಂತರದ ಕಾಯಿಲೆಯ ಲಕ್ಷಣವಿರಬಹುದೆಂದು ಯಾರಿಗೂ ತೋಚುವುದಿಲ್ಲ.

ಹಾಗಾದರೆ ಅವನಾದರೂ ಹೇಳಿಕೊಳ್ಳಬಾರದೇಕೆ? ಉತ್ತರ ಸೇವೆಯ ದಿನಗಳಲ್ಲಿದೆ. ಸೇನೆಯ 'ಶೇಪ್' (SHAPE) ಎಂಬ ವೈದ್ಯಕೀಯ ಶ್ರೇಣೀಕರಣದ ಮೊದಲ ಅಕ್ಷರ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. ಅದರಲ್ಲಿ ದರ್ಜೆ ಇಳಿದರೆ ಬಡ್ತಿಗೂ ಒಳ್ಳೆಯ ಪೋಸ್ಟಿಂಗಿಗೂ ತೊಡಕು ಎಂಬ ಭಯದಲ್ಲಿ ನಿದ್ದೆ ಬಾರದ್ದನ್ನು, ಎದೆ ಹೊಡೆದುಕೊಳ್ಳುವುದನ್ನು ಮುಚ್ಚಿಡಲು ಕಲಿತವನು ಮನೆಗೆ ಬಂದ ಮೇಲೂ ಮುಚ್ಚಿಡುತ್ತಾನೆ. ಮನೋವೈದ್ಯರ ಬಳಿ ಹೋದರೆ ಮಂಜೂರಾದ ಪಿಂಚಣಿ ನಿಲ್ಲುವುದಿಲ್ಲ, ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರೋಗಿಯ ಹಕ್ಕು ಎಂಬುದನ್ನು ಅವನಿಗೆ ಯಾರೂ ತಿಳಿಸಿರುವುದಿಲ್ಲ. ನಿದ್ದೆಗೆಂದು ಶುರುವಾದ ಒಂದು ಪೆಗ್ಗು ಹೀಗೆ ಔಷಧದ ಜಾಗದಲ್ಲಿ ಕೂರುತ್ತದೆ. ಮದ್ಯ ಬೇಗ ನಿದ್ದೆ ಬರಿಸಿದರೂ ಮಧ್ಯರಾತ್ರಿಯ ನಂತರದ ನಿದ್ದೆಯನ್ನು ಕೆಡಿಸುವುದರಿಂದ ಮರುದಿನ ಎರಡು ಪೆಗ್ಗು ಬೇಕಾಗುತ್ತದೆ. ಸೇನಾ ಕ್ಯಾಂಟೀನಿನಲ್ಲಿ ಸಿಗುವ ತಿಂಗಳ ಮದ್ಯದ ಕೋಟಾವನ್ನು ಎಲ್ಲರೂ ದೂರುತ್ತಾರೆ. ನನ್ನ ದೃಷ್ಟಿಯಲ್ಲಿ ರೋಗದ ಮೂಲ ಅದಲ್ಲ. ಆದರೆ 'ಮಿಲ್ಟ್ರಿಯವರು ಕುಡಿಯುವುದು ಸಹಜ' ಎಂಬ ಮರ್ಯಾದೆಯ ಹೊದಿಕೆಯನ್ನು ಅದು ಒದಗಿಸುತ್ತದೆ, ಮನೆಯವರು ಎಚ್ಚರಗೊಳ್ಳುವುದು ತಡವಾಗುತ್ತದೆ.

ಎಚ್ಚರಗೊಂಡವರು ಮಾಡುವುದು ಹರಕೆ, ಆಣೆ, ಅಯ್ಯಪ್ಪನ ಮಾಲೆ. ಇವುಗಳ ಬಲವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಮಾಲೆ ಹಾಕಿದ ನೆಪದಲ್ಲಿ ಪೂರ್ತಿ ಬಿಟ್ಟವರೂ ಇದ್ದಾರೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗಿ, ಎರಡು ದಿನದೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದನ್ನು ಕಾಣುವ, ಜನರ ಗುರುತು ತಪ್ಪುವ ಸನ್ನಿಗೆ ತಿರುಗಿ ಪ್ರಾಣಕ್ಕೇ ಕುತ್ತು ಬರಬಹುದು. ಊರು ಅದನ್ನು ದೇವರ ಮುನಿಸು ಎಂದುಕೊಳ್ಳುತ್ತದೆ. ಆಸ್ಪತ್ರೆಯಲ್ಲಾದರೆ ನಡುಕ ತಡೆಯುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ, ಥಯಾಮಿನ್ ಎಂಬ ವಿಟಮಿನ್ನಿನ ಚುಚ್ಚುಮದ್ದು ಕೊಟ್ಟು ಈ ಹಂತವನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಇನ್ನೂ ಅಪಾಯದ್ದೆಂದರೆ ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆಯ ಪುಡಿ ಬೆರೆಸುವುದು. ಅದು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಆಗಿದ್ದರೆ, ಮೇಲೆ ಮದ್ಯ ಬಿದ್ದಾಗ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಕೊಡಲೇಬಾರದು.

ದಾರಿಗಳು ಇಲ್ಲದಿಲ್ಲ. ಮಾನಸಿಕ ಆರೋಗ್ಯದ ಮಾತು ಈ ಜಿಲ್ಲೆಗೆ ಹೊಸದೂ ಅಲ್ಲ: 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿದ್ದುಕೊಂಡೇ ಅದನ್ನು ಸಿನಿಮಾದವರೆಗೆ ಒಯ್ದರು, ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ರೋಗಿಗಳನ್ನು ಹಳ್ಳಿಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಕಾರ್ಯಕ್ರಮ 2005ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಕೇಳಿಕೊಳ್ಳಬೇಕು. ಸೆಳೆತ, ಸನ್ನಿ ಇದ್ದರೆ ತಡಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕು. ಪಿಂಚಣಿದಾರರಿಗೆ 2003ರಲ್ಲಿ ಶುರುವಾದ ಇಸಿಎಚ್ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಮಳೆಗೆ ಹೊರಡಲಾಗದ ಮನೆಯಿಂದಲೂ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎಲ್ಲಿಗೇ ಹೋದರೂ ಕುಡಿತದ ಜೊತೆಗೆ ನಿದ್ದೆ, ಕನಸು, ಬೆಚ್ಚುವಿಕೆಯ ಸಂಗತಿಯನ್ನೂ ಹೇಳಲೇಬೇಕು. ಬರೀ ಕುಡಿತ ಬಿಡಿಸಿ ಕಳಿಸಿದರೆ, ಕುಡಿಯಲು ಕಾರಣವಾದದ್ದು ಮನೆಯಲ್ಲಿ ಕಾದಿರುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯವರು ಬಾಯಿಬಿಟ್ಟು ಆಡುವುದಿಲ್ಲ. ಬೆಳೆ ಕಾಯಲು ನಮ್ಮ ಎಷ್ಟೋ ಮನೆಗಳಲ್ಲಿ ಪರವಾನಗಿಯ ಕೋವಿ ಇದೆ, ತೋಟಕ್ಕೆ ಹೊಡೆಯುವ ವಿಷದ ಔಷಧಿ ಕೊಟ್ಟಿಗೆಯಲ್ಲೇ ಇರುತ್ತದೆ. ಬದುಕು ಸಾಕೆಂಬ ಮಾತು ಬಂದ ಮನೆಯಲ್ಲಿ ಇವೆರಡೂ ಕೈಗೆಟುಕಬಾರದು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ ರೂಢಿ ನಮಗೆ ಹೇಗೂ ಇದೆ. ಯಜಮಾನ ಚೇತರಿಸಿಕೊಳ್ಳುವವರೆಗೂ ಹಾಗೆಯೇ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿದರೆ ಅವಮಾನವೇನೂ ಆಗದು.

ಮುಂದಿನ ದಿನಗಳ ಚಿಂತೆಯೂ ನನಗಿದೆ. ನಾಲ್ಕು ವರ್ಷದ ಮಟ್ಟಿಗೆ ಸೈನಿಕರನ್ನು ತೆಗೆದುಕೊಳ್ಳುವ 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಪೈಕಿ ಹೆಚ್ಚೆಂದರೆ ಕಾಲು ಭಾಗ ಸೇನೆಯಲ್ಲಿ ಮುಂದುವರಿಯುತ್ತದೆ. ಉಳಿದವರು ನಾಲ್ಕು ವರ್ಷಕ್ಕೇ, ಪಿಂಚಣಿಯೂ ಇಸಿಎಚ್ಎಸ್ಸೂ ಇಲ್ಲದೆ, ಇಪ್ಪತ್ತರ ಹರೆಯದಲ್ಲಿ ಮನೆಗೆ ಬರುತ್ತಾರೆ. ಅವರ ಪಾಲಿಗೆ ಇರುವುದು ತಾಲ್ಲೂಕು ಆಸ್ಪತ್ರೆಯೊಂದೇ, ಆದ್ದರಿಂದ ಅಲ್ಲಿನ ಮಂಗಳವಾರದ ಸೇವೆ ತಪ್ಪದಂತೆ ಈಗಿನಿಂದಲೇ ಪಟ್ಟು ಹಿಡಿಯಬೇಕಾಗಿದೆ.