ಓದುಗರ ಪ್ರಶ್ನೆ: ತೊಕ್ಕೊಟ್ಟೋ, ದೇರಳಕಟ್ಟೆಯೋ?

ಪ್ರಶ್ನೆ: ನಾನು ಮಂಗಳೂರಿನ ಹಂಪನಕಟ್ಟೆಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪತ್ನಿ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ನರ್ಸ್; ಪಾಳಿಯ ಕೆಲಸ, ಕೆಲವು ವಾರ ಬಿಡುವಾಗ ರಾತ್ರಿ 9 ಗಂಟೆ. ಇಬ್ಬರೂ ಬಸ್ಸನ್ನೇ ನಂಬಿದವರು. ತೊಕ್ಕೊಟ್ಟಿನಲ್ಲಿ ಒಂದು, ದೇರಳಕಟ್ಟೆಯಲ್ಲಿ ಒಂದು ಮನೆ ನೋಡಿದ್ದೇವೆ, ಬಾಡಿಗೆ ಒಂದೇ. ತೊಕ್ಕೊಟ್ಟಿನಿಂದ ಹಂಪನಕಟ್ಟೆಗೆ 20 ನಿಮಿಷ ಸಾಕು ಎನ್ನುತ್ತಾರೆ ಬ್ರೋಕರ್. ಯಾವುದನ್ನು ಹಿಡಿಯಲಿ?

ಉತ್ತರ: ಆ 20 ನಿಮಿಷ ಭಾನುವಾರ ಬೆಳಗಿನ ಲೆಕ್ಕವಿರಬೇಕು. ಅದನ್ನು ಬದಿಗಿಡಿ.

ಎರಡು ಮನೆಗಳಲ್ಲಿ ಯಾವುದರಲ್ಲಿದ್ದರೂ ನೀವು ನೇತ್ರಾವತಿ ಸೇತುವೆ ದಾಟಿ, ಪಂಪ್‌ವೆಲ್, ಕಂಕನಾಡಿ ಹಾದೇ ಹಂಪನಕಟ್ಟೆ ಸೇರಬೇಕು. 2020ರ ಜನವರಿಯಲ್ಲಿ ತೆರೆದ ಪಂಪ್‌ವೆಲ್ ಮೇಲ್ಸೇತುವೆಯಿಂದ ನಂತೂರಿನತ್ತ ನೇರ ಹೋಗುವ ವಾಹನಗಳಿಗೆ ಅನುಕೂಲವಾಯಿತೇ ಹೊರತು, ಕಂಕನಾಡಿಗೆ ತಿರುಗುವ ಬಸ್ಸು ಈಗಲೂ ಅದರ ಕೆಳಗಿನ ವೃತ್ತದಲ್ಲಿಯೇ ಸರದಿ ಕಾಯುತ್ತದೆ. ಈ ತಾಪತ್ರಯ ಎರಡೂ ಮನೆಗಳಿಗೆ ಸಮಾನವಾದ್ದರಿಂದ ಹೋಲಿಕೆಗೆ ಉಳಿಯುವುದು ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಚೆಂಬುಗುಡ್ಡೆ, ಕುತ್ತಾರು ಮಾರ್ಗವಾಗಿ ಸಾಗುವ ಸುಮಾರು 5 ಕಿಲೋಮೀಟರ್ ಮಾತ್ರ. ಅಷ್ಟು ದೂರವನ್ನು ನಿಮ್ಮಿಬ್ಬರಲ್ಲಿ ಒಬ್ಬರು ದಿನವೂ ಹೋಗಿ ಬರಲೇಬೇಕು. ಯಾರು, ಯಾವ ಹೊತ್ತಿಗೆ ಎಂಬುದೇ ಪ್ರಶ್ನೆ.

ನನ್ನ ಅಭಿಪ್ರಾಯದಲ್ಲಿ ನೀವೇ ಹೋಗಿ ಬರುವುದು ಸರಿ. ಸಂಜೆ 6ಕ್ಕೆ ತಲಪಾಡಿ, ಉಳ್ಳಾಲ, ಕೊಣಾಜೆ ಕಡೆಯ ಬಸ್ಸುಗಳೆಲ್ಲ ತೊಕ್ಕೊಟ್ಟಿನವರೆಗೆ ಒಂದೇ ದಾರಿ ಹಿಡಿಯುತ್ತವೆ. ದೇರಳಕಟ್ಟೆಯ ಮೇಲೆ ಹೋಗುವ ಕೊಣಾಜೆ ಬಸ್ಸು ಸಿಗದಿದ್ದರೆ ಬೇರೊಂದನ್ನು ಹತ್ತಿ ತೊಕ್ಕೊಟ್ಟಿನಲ್ಲಿ ಇಳಿದು ಬದಲಾಯಿಸಿಕೊಳ್ಳಬಹುದು. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ಮೇಲಿನ ಸರಳು, ಹಿಂದಿನ ಬಾಗಿಲಿನಿಂದ ‘ರೈಟ್ ಪೋಯಿ’ ಎನ್ನುವ ಕೂಗು. ಇದು ಕಷ್ಟ ನಿಜ, ಆದರೆ ಬಸ್ಸು ಇದೆಯೆಂಬ ಧೈರ್ಯವಿರುತ್ತದೆ. ರಾತ್ರಿ 9ರ ನಂತರ ಖಾಸಗಿ ಸಿಟಿ ಬಸ್ಸುಗಳ ಓಡಾಟ ವಿರಳವಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪತ್ನಿ, ಅದೂ ಆಟಿ ತಿಂಗಳ ಮಳೆಯಲ್ಲಿ, ಬಸ್ಸಿಗಾಗಿ ನಿಲ್ಲುವುದಕ್ಕಿಂತ ನಡೆದೇ ಮನೆ ಸೇರುವಂತಿರುವುದು ಮೇಲು. ರಿಕ್ಷಾ ಇದೆಯಲ್ಲ ಎನ್ನಬಹುದು. ತಿಂಗಳಿಗೆ ಎಷ್ಟಾಗುತ್ತದೆಂದು ಲೆಕ್ಕಪತ್ರದವರಾದ ನಿಮಗೆ ನಾನು ಹೇಳಬೇಕಿಲ್ಲ.

ಆದ್ದರಿಂದ ದೇರಳಕಟ್ಟೆಯ ಮನೆಯನ್ನೇ ಹಿಡಿಯಿರಿ, ಆದರೆ ಅದು ಆಸ್ಪತ್ರೆಯಿಂದ ನಿಜಕ್ಕೂ ನಡೆಯುವಷ್ಟು ಹತ್ತಿರವಿದ್ದರೆ ಮಾತ್ರ. ಮುಖ್ಯರಸ್ತೆ ಬಿಟ್ಟು ಗುಡ್ಡ ಇಳಿದು ಒಳಗೆ ಹೋಗಬೇಕಾದ ಮನೆಯಾದರೆ ಈ ವಾದ ಬಿದ್ದುಹೋಗುತ್ತದೆ. ಆಗ ತೊಕ್ಕೊಟ್ಟಿನ ಮನೆಯೇ ವಾಸಿ. ಮುಂಗಡ ಕೊಡುವ ಮೊದಲು ಇಬ್ಬರೂ ಒಂದು ರಾತ್ರಿ 9ಕ್ಕೆ ಆಸ್ಪತ್ರೆಯ ಗೇಟಿನಿಂದ ಆ ಮನೆಯ ಬಾಗಿಲವರೆಗೆ ನಡೆದು, ದಾರಿದೀಪ ಎಲ್ಲಿಯವರೆಗೆ ಇದೆಯೆಂದು ನೋಡಿಕೊಂಡು ಬನ್ನಿ.