ಒಂದನ್ನೊಂದು ದೂಡುವ ಪ್ರೋಟಾನ್‌ಗಳು ಒಟ್ಟಿಗಿರುವುದು ಹೇಗೆ?

ಪ್ರಶ್ನೆ: ಒಂದೇ ಬಗೆಯ ಆವೇಶಗಳು ವಿಕರ್ಷಿಸುತ್ತವೆ, ಬೇರೆ ಬೇರೆ ಬಗೆಯವು ಆಕರ್ಷಿಸುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ನ್ಯೂಕ್ಲಿಯಸ್‌ನಲ್ಲಿರುವ ಧನಾವೇಶದ ಪ್ರೋಟಾನ್‌ಗಳು ಚದುರಿಹೋಗುವುದಿಲ್ಲವೇಕೆ? ಋಣಾವೇಶದ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ಗೆ ಹೋಗಿ ಅಂಟಿಕೊಳ್ಳುವುದಿಲ್ಲವೇಕೆ?
– ಹತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ಪಾಠವನ್ನು ಬಾಯಿಪಾಠ ಮಾಡಿ ಮುಂದೆ ಹೋಗದೆ, ಅದರ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿ ನೋಡಿದ್ದೀರಿ. ಬಹಳ ಸಂತೋಷ. ನಿಮ್ಮ ಅನುಮಾನ ಸರಿಯಾದದ್ದೇ: ಪ್ರೋಟಾನ್‌ಗಳು ನ್ಯೂಕ್ಲಿಯಸ್‌ನ ಒಳಗೂ ಒಂದನ್ನೊಂದು ದೂಡುತ್ತಲೇ ಇರುತ್ತವೆ. ಎಷ್ಟು ಬಲದಿಂದ? ಎರಡು ಪ್ರೋಟಾನ್‌ಗಳ ನಡುವೆ 2 ಫೆಮ್ಟೋಮೀಟರ್ ಅಂತರವಿದೆ ಎಂದುಕೊಳ್ಳಿ. ಒಂದು ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಕೂಲಂಬನ ನಿಯಮದಂತೆ ಲೆಕ್ಕ ಹಾಕಿದರೆ ವಿಕರ್ಷಣೆ ಸುಮಾರು 58 ನ್ಯೂಟನ್ ಬರುತ್ತದೆ. ಭೂಮಿಯು 6 ಕಿಲೋಗ್ರಾಂ ವಸ್ತುವನ್ನು ಎಳೆಯುವ ಬಲ ಹೆಚ್ಚುಕಡಿಮೆ ಇಷ್ಟೇ! ಅದು ಕಣ್ಣಿಗೆ ಕಾಣದ ಎರಡು ಕಣಗಳ ನಡುವೆ ಇದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಈಗಲೂ ಅಚ್ಚರಿಯಾಗುತ್ತದೆ.

ಇದನ್ನು ಮೀರಿಸುವ ಇನ್ನೊಂದು ಬಲ ಅಲ್ಲಿದೆ. ಅದು ಬೈಜಿಕ ಬಲ. ಅದಕ್ಕೆ ಆವೇಶದ ಹಂಗಿಲ್ಲ. ಪ್ರೋಟಾನನ್ನೂ ನ್ಯೂಟ್ರಾನನ್ನೂ ಹೆಚ್ಚುಕಡಿಮೆ ಒಂದೇ ರೀತಿ ಹಿಡಿದುಕೊಳ್ಳುತ್ತದೆ. ಆದರೆ ಅದರ ಕೈ ಬಹಳ ಗಿಡ್ಡ. ಒಂದೆರಡು ಫೆಮ್ಟೋಮೀಟರ್ ಒಳಗೆ ವಿದ್ಯುತ್ ವಿಕರ್ಷಣೆಗಿಂತ ಎಷ್ಟೋ ಪಟ್ಟು ಪ್ರಬಲ, ಇನ್ನೂ ಕೆಲವು ಫೆಮ್ಟೋಮೀಟರ್ ದಾಟಿದರೆ ಇಲ್ಲವೆನ್ನುವಷ್ಟು ಕ್ಷೀಣ. ಇದು ಹೀಗೇಕೆ ಎಂಬುದಕ್ಕೆ ಜಪಾನಿನ ಹಿಡೆಕಿ ಯುಕಾವಾ 1935ರಲ್ಲಿ ಮೊದಲ ಸಮರ್ಥ ವಿವರಣೆ ಕೊಟ್ಟರು.

ಆದರೂ ಬರೀ ಎರಡು ಪ್ರೋಟಾನ್‌ಗಳನ್ನು ಹತ್ತಿರ ತಂದರೆ ಅವು ನಿಲ್ಲುವುದಿಲ್ಲ. ಜೇಮ್ಸ್ ಚಾಡ್ವಿಕ್ 1932ರಲ್ಲಿ ಪತ್ತೆಹಚ್ಚಿದ ನ್ಯೂಟ್ರಾನ್‌ನ ಮಹತ್ವ ಇರುವುದು ಇಲ್ಲಿ. 'ಆವೇಶವಿಲ್ಲದ ಕಣ' ಎಂದು ಒಂದೇ ಸಾಲಿನಲ್ಲಿ ಅದನ್ನು ಮುಗಿಸಿಬಿಡುವುದು ನನಗೆ ಅನ್ಯಾಯವೆನಿಸುತ್ತದೆ. ನ್ಯೂಟ್ರಾನ್ ಸೇರಿದಾಗ ಹಿಡಿತ ಹೆಚ್ಚುತ್ತದೆ, ದೂಡಾಟ ಹೆಚ್ಚುವುದಿಲ್ಲ. ಹೀಲಿಯಂನಲ್ಲಿ 2 ಪ್ರೋಟಾನ್‌ಗೆ 2 ನ್ಯೂಟ್ರಾನ್, ಕಾರ್ಬನ್‌ನಲ್ಲಿ 6ಕ್ಕೆ 6 ಇದ್ದರೆ ಸಾಕು. ಕಬ್ಬಿಣದಲ್ಲಿ 26ಕ್ಕೆ 30 ಬೇಕು. ಸೀಸಕ್ಕೆ ಬರುವಷ್ಟರಲ್ಲಿ 82ಕ್ಕೆ 126! ನ್ಯೂಕ್ಲಿಯಸ್ ದೊಡ್ಡದಾದಂತೆ ಪ್ರತಿಯೊಂದು ಕಣವೂ ಪಕ್ಕದವನ್ನು ಮಾತ್ರ ಹಿಡಿಯಬಲ್ಲದು, ಆದರೆ ಪ್ರತಿ ಪ್ರೋಟಾನ್ ಉಳಿದ ಎಲ್ಲ ಪ್ರೋಟಾನ್‌ಗಳನ್ನೂ ದೂಡುತ್ತದೆ. ಕೊನೆಗೆ ನ್ಯೂಟ್ರಾನ್ ಎಷ್ಟಿದ್ದರೂ ಸಾಲದು. 146 ನ್ಯೂಟ್ರಾನ್‌ಗಳಿರುವ ಯುರೇನಿಯಂ-238 ಕೂಡ ನಿಧಾನವಾಗಿ ವಿಘಟಿಸುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧದಷ್ಟು ವಿಘಟಿಸಲು ಹಿಡಿಯುವ ಕಾಲ, ಸುಮಾರು 450 ಕೋಟಿ ವರ್ಷ.

ಎಲೆಕ್ಟ್ರಾನ್‌ನ ವಿಷಯ ಬೇರೆ. ಬೈಜಿಕ ಬಲ ಅದನ್ನು ಮುಟ್ಟುವುದೇ ಇಲ್ಲ. 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್‌ನ ಚಿತ್ರ ಕೊಟ್ಟಾಗ ನಿಮ್ಮ ಪ್ರಶ್ನೆಯೇ ಭೌತವಿಜ್ಞಾನಿಗಳನ್ನೂ ಕಾಡಿತ್ತು. ಸುತ್ತುವ ಆವೇಶ ಶಕ್ತಿಯನ್ನು ಹೊರಸೂಸುತ್ತಾ ಕ್ಷಣಾರ್ಧದಲ್ಲಿ ಒಳಕ್ಕೆ ಕುಸಿಯಬೇಕಿತ್ತು. ಉತ್ತರ ದೊರೆತದ್ದು ಕ್ವಾಂಟಂ ಸಿದ್ಧಾಂತದಿಂದ. ಎಲೆಕ್ಟ್ರಾನ್ ಪುಟ್ಟ ಗ್ರಹದಂತೆ ಸುತ್ತುವುದಿಲ್ಲ, ನ್ಯೂಕ್ಲಿಯಸ್ ಸುತ್ತ ಅಲೆಯಾಗಿ ಹರಡಿಕೊಂಡಿರುತ್ತದೆ. ಅದನ್ನು ಕಿರಿದಾದ ಜಾಗಕ್ಕೆ ಒತ್ತಿದಷ್ಟೂ ಅದರ ಚಲನಶಕ್ತಿ ಏರುತ್ತದೆ. ಈ ಏರಿಕೆಗೂ ನ್ಯೂಕ್ಲಿಯಸ್‌ನ ಎಳೆತಕ್ಕೂ ಸಮತೋಲ ಬಂದಲ್ಲಿ ಪರಮಾಣುವಿನ ಗಾತ್ರ ನಿಲ್ಲುತ್ತದೆ. ಅದಕ್ಕಿಂತ ಕೆಳಗಿನ ಶಕ್ತಿಮಟ್ಟವೇ ಇಲ್ಲದ ಕಾರಣ ಎಲೆಕ್ಟ್ರಾನ್ ಬೀಳಲು ಜಾಗವಿಲ್ಲ.

ಅಂಟಿಕೊಳ್ಳುವುದೇ ಇಲ್ಲವೇ ಎಂದರೆ, ಕೆಲವು ಅಸ್ಥಿರ ನ್ಯೂಕ್ಲಿಯಸ್‌ಗಳು ತಮ್ಮದೇ ಒಳಕವಚದ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವುದುಂಟು. ಆಗ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗುತ್ತದೆ, ನ್ಯೂಟ್ರಿನೊ ಎಂಬ ಆವೇಶವಿಲ್ಲದ, ಅತಿ ಹಗುರ ಕಣವೊಂದು ಹೊರಹೋಗುತ್ತದೆ. ಪೊಟ್ಯಾಸಿಯಂ-40ರ ನೂರರಲ್ಲಿ ಸುಮಾರು 11 ವಿಘಟನೆಗಳು ಹೀಗೆಯೇ ನಡೆದು ಅದು ಆರ್ಗಾನ್ ಆಗುತ್ತದೆ.